ಕದಲದ ಚುಕ್ಕೆ

ಮಲಗಿದವರನ್ನು ಎಬ್ಬಿಸುವುದೆಂದರೆ ನನಗೆ ನಾಚಿಕೆ. ಡೈರಿಯಲ್ಲಿ ಬಿಟ್ಟರೆ ಬೇರೆಲ್ಲೂ ಈ ಮಾತನ್ನು ಆಡಿಲ್ಲ. ಆಡಿದರೆ, ಇದೂ ಒಂದು ಚಿಂತೆಯೇನೇ ಎಂದು ನಗುತ್ತಾರೆ.

ಮನೆಯಲ್ಲಾದರೆ ಹೇಗೋ ನಿಭಾಯಿಸುತ್ತೇನೆ. ಊಟವಾದ ಮೇಲೆ ಸೋದರಮಾವ ಅಂಗಡಿಯ ಕುರ್ಚಿಯಲ್ಲೇ ಬಾಯಿ ತೆರೆದುಕೊಂಡು ತೂಕಡಿಸುತ್ತಿರುತ್ತಾರೆ. ಆ ಹೊತ್ತಿಗೆ ಗಿರಾಕಿ ಬಂದರೆ ನಾನು ಅವರ ಕಾಲ ಬಳಿ ಒಂದು ಸ್ಕ್ರೂಡ್ರೈವರ್ ಬೀಳಿಸಿ, ಬೀದಿಯ ಕಡೆ ನೋಡುತ್ತ ನಿಲ್ಲುತ್ತೇನೆ. ಅವರು ತಟ್ಟನೆ ಎದ್ದು "ಏನದು?" ಎನ್ನುತ್ತಾರೆ. "ಏನೋ ಬಿತ್ತು ಮಾವ" ಎನ್ನುತ್ತೇನೆ. ಅವರ ಮಾನವೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ. ಆದರೆ ಈಚೆಗೆ ನನ್ನ ಕಣ್ಣೆದುರು ಮಲಗತೊಡಗಿದವರು ಒಬ್ಬಿಬ್ಬರಲ್ಲ, ಒಂದು ಕೋಣೆಯ ತುಂಬ ಜನ. ಅಷ್ಟು ಸ್ಕ್ರೂಡ್ರೈವರ್‌ಗಳನ್ನು ಎಲ್ಲಿಂದ ತರಲಿ?

ಸ್ನಾತಕೋತ್ತರ ಪದವಿ ಮುಗಿದ ಮೇಲೆ ನಮ್ಮ ವಿಭಾಗದ ಪ್ರೊಫೆಸರ್ ನನ್ನನ್ನು ತಮ್ಮ ಸಂಶೋಧನೆಗೆ ಸಹಾಯಕಿಯಾಗಿ ಇಟ್ಟುಕೊಂಡಿದ್ದರು. ಮೊಬೈಲು, ಲ್ಯಾಪ್‌ಟಾಪುಗಳು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಲಿಕೆಯನ್ನು ಏನು ಮಾಡುತ್ತವೆ ಎಂಬುದು ಸಂಶೋಧನೆಯ ವಿಷಯ. ಈ 'ಏನು ಮಾಡುತ್ತವೆ' ಎಂಬ ಪ್ರಶ್ನೆ ಇದ್ದದ್ದು ಕಾಗದದ ಮೇಲೆ ಮಾತ್ರ. ಪ್ರೊಫೆಸರರ ಮನಸ್ಸಿನಲ್ಲಿ ಉತ್ತರ ಎಂದೋ ತಯಾರಾಗಿತ್ತು: ಹಾಳು ಮಾಡುತ್ತವೆ. ಮದುವೆ ನಿಶ್ಚಯವಾಗಿತ್ತು, ಇನ್ನು ಜಾತಕ ಕೂಡಿಬರಬೇಕಿತ್ತು, ಅಷ್ಟೆ.

ಸಂಶೋಧನೆಯ ಫಲ ನೋಡಿ ವಿಶ್ವವಿದ್ಯಾಲಯದ ಸಮಿತಿ ಒಪ್ಪಿದರೆ ಯೋಜನೆ ಇನ್ನೂ ಎರಡು ವರ್ಷ ನಡೆಯುತ್ತದೆ, ನನ್ನ ಕೆಲಸವೂ ನಡೆಯುತ್ತದೆ. ಒಪ್ಪದಿದ್ದರೆ ನಾನು ಮಾವನ ಅಂಗಡಿಯ ಕೌಂಟರಿಗೆ.

ಮಾವನದು ಮೊಬೈಲ್ ರಿಪೇರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಓದಲು ಬಂದ ದಿನದಿಂದ ನಾನಿರುವುದು ಅಲ್ಲೇ. ಕೌಂಟರಿನಲ್ಲಿದ್ದ ಆಳು ಮಾವನಿಂದ ಕೆಲಸ ಕಲಿತು, ಎದುರು ಸಾಲಿನಲ್ಲೇ ತನ್ನದೊಂದು ಅಂಗಡಿ ಹಾಕಿಕೊಂಡು, ದಿನಾ ಬೆಳಿಗ್ಗೆ ಮಾವನಿಗೆ ನಮಸ್ಕಾರವನ್ನೂ ಹೇಳುತ್ತಿದ್ದ. ಅಂದಿನಿಂದ ಆ ಜಾಗಕ್ಕೆ ಮಾವನ ಕಣ್ಣು ನನ್ನ ಮೇಲೆ ಬಿದ್ದಿತ್ತು.

"ಅಲ್ಲ ಕಣೇ," ಅತ್ತೆ ಊಟ ಬಡಿಸುತ್ತ ಅನ್ನುತ್ತಿದ್ದರು, "ನಮ್ಮನೆ ಒಲೆ ಉರಿಯೋದೇ ಒಡೆದ ಫೋನಿಂದ. ನೀನು ಹೋಗಿ ಹೋಗಿ ಮಕ್ಕಳ ಕೈಯಿಂದ ಫೋನ್ ಕಿತ್ಕೊಳ್ಳೋ ಕೆಲಸಕ್ಕೆ ಸೇರ್ಕೊಂಡಿದೀಯಲ್ಲ!"

"ಬಿಡೇ," ಮಾವ ಅನ್ನುತ್ತಿದ್ದರು, "ಕಿತ್ಕೊಳ್ಳುವಾಗ ನಾಲ್ಕು ಕೆಳಗೆ ಬಿದ್ದು ಒಡೆದ್ರೆ ನಮ್ಮ ಹತ್ರಾನೇ ಬರ್ತವೆ." ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಈ ಕೆಲಸ ಮುಂದುವರಿಲಿಲ್ಲ ಅಂದ್ರೆ ಸುಮ್ನೆ ಕೌಂಟರಿಗೆ ಬಂದ್ಬಿಡು. ಗಿರಾಕಿಗಳ ಜೊತೆ ದಿನಾ ನಾಲ್ಕು ಮಾತಾಡಿದ್ರೆ ನಿನ್ನ ಬಾಯೂ ಬಿಡುತ್ತೆ."

ಅತ್ತೆ ನಗುತ್ತಿದ್ದರು. ನಾನು ತಟ್ಟೆ ಎತ್ತಿಕೊಂಡು ಏಳುತ್ತಿದ್ದೆ. ಒಮ್ಮೆ ಮಾವ ಊರಲ್ಲಿಲ್ಲದಾಗ ಕೌಂಟರಿನಲ್ಲಿ ಕೂತ ಅನುಭವ ನನಗಿದೆ. ಒಬ್ಬರು ಫೋನ್ ತಂದು, ತಾನಾಗೇ ಆಫ್ ಆಯ್ತು ಎಂದರು. ನೀರಿಗೆ ಬಿದ್ದಿತ್ತಾ ಎಂದೆ. "ಛೆ ಛೆ, ನೀರಿನ ಮುಖಾನೇ ನೋಡಿಲ್ಲ" ಎಂದರು. ಅಷ್ಟರಲ್ಲಿ ಫೋನಿನ ಮೂಲೆಯಿಂದ ಟಪಕ್ಕನೆ ಒಂದು ಹನಿ ಕೌಂಟರಿನ ಗಾಜಿನ ಮೇಲೆ ಬಿತ್ತು. ಅವರು ಹನಿಯನ್ನು ನೋಡಿದರು, ನಾನೂ ನೋಡಿದೆ. ಪಾಪ, ಅವರಿಗೆ ಮುಜುಗರವಾಗುತ್ತದಲ್ಲ ಎಂದು ನಾನು ಕರವಸ್ತ್ರ ತೆಗೆದು ಹನಿಯನ್ನು ಒರೆಸಿ, ವಾರಂಟಿಯಲ್ಲಿ ಸರಿಮಾಡಿ ಕೊಡುತ್ತೇವೆ ಎಂದುಬಿಟ್ಟೆ. ಮಾವ ಆ ಕಥೆಯನ್ನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ. ಅಂಥ ಕೌಂಟರಿನಲ್ಲಿ ಆಯಸ್ಸು ಕಳೆಯುವುದು ನನ್ನಿಂದಾಗದ ಮಾತು. ಹಾಗಾಗಿ ಸಂಶೋಧನೆ ಗೆಲ್ಲಲೇಬೇಕಿತ್ತು.

ಪ್ರಯೋಗ ಸರಳವಾಗಿತ್ತು. ಗ್ರಂಥಾಲಯದ ಮಹಡಿಯಲ್ಲಿ ಅಕ್ಕಪಕ್ಕದ ಎರಡು ಕೋಣೆ. ಎರಡರಲ್ಲೂ ಒಂದೇ ತರಗತಿಯ ವಿದ್ಯಾರ್ಥಿಗಳು, ಒಂದೇ ಪುಸ್ತಕ, ಒಂದೇ ಅಧ್ಯಾಯ. ಬೆಳಗಿನ ಹೊತ್ತು ಓದಬೇಕು. ಕೊನೆಯಲ್ಲಿ ಒಂದು ಪರೀಕ್ಷೆ. ಒಂದು ಕೋಣೆಯವರ ಕೈಯಲ್ಲಿ ಫೋನ್ ಇರುತ್ತದೆ. ಇನ್ನೊಂದು ಕೋಣೆಯವರ ಫೋನುಗಳು ಹಳೆಯ ಸ್ಟೀಲ್ ಬೀರುವಿನೊಳಗೆ, ಬೀರುವಿನ ಕೀಲಿ ನನ್ನ ಕೈಯಲ್ಲಿ. ನಾನು ಆ ಕೋಣೆಯ ಮೂಲೆಯಲ್ಲಿ ಬೀರುವಿನ ಪಕ್ಕ ಕೂತಿರಬೇಕು, ಮಾತಾಡಬಾರದು. ಈ ಕೆಲಸಕ್ಕೆ ನನ್ನಷ್ಟು ಅರ್ಹಳು ಇನ್ನೊಬ್ಬಳಿಲ್ಲ ಎಂದು ಪ್ರೊಫೆಸರೇ ಹೇಳಿದ್ದರು.

ಓದುತ್ತಿದ್ದಾರೋ ಇಲ್ಲವೋ ಎಂದು ಅಳೆಯಲು ಎರಡೂ ಕೋಣೆಯ ಚಾವಣಿಗೆ ಒಂದೊಂದು ಕ್ಯಾಮೆರಾ. ಅದಕ್ಕೆ ಜೋಡಿಸಿದ ಸಾಫ್ಟ್‌ವೇರನ್ನು ಪ್ರೊಫೆಸರ್ ಬಹಳ ಹೆಮ್ಮೆಯಿಂದ ತರಿಸಿದ್ದರು. ಯಾರ ಮುಖವನ್ನೂ ದಾಖಲಿಸಬಾರದೆಂಬ ನಿಯಮವಿದ್ದುದರಿಂದ ಅದು ಮುಖ ತೋರಿಸುತ್ತಿರಲಿಲ್ಲ. ತಲೆಗೊಂದು ಚುಕ್ಕೆ, ಅಷ್ಟೆ. ತಲೆ ಪುಸ್ತಕದ ಕಡೆ ಬಾಗಿ ಅಲುಗಾಡದೆ ಇದ್ದರೆ ಚುಕ್ಕೆ ಹಸಿರು. ಎತ್ತಿದರೆ, ತಿರುಗಿಸಿದರೆ ಕೆಂಪು. ತಾವು ಕೋಣೆಗೆ ಬಂದರೆ ಪ್ರಯೋಗ ಕೆಡುತ್ತದೆಂದು ಪ್ರೊಫೆಸರ್ ಕೆಳಗಿನ ತಮ್ಮ ಕೋಣೆಯಲ್ಲೇ ಕೂತು, ಪರದೆಯ ಮೇಲೆ ಚುಕ್ಕೆಗಳನ್ನು ನೋಡುತ್ತಿದ್ದರು.

ಮೊದಲ ದಿನ ವಿದ್ಯಾರ್ಥಿಗಳು ಫೋನ್ ಒಪ್ಪಿಸಲು ಸಾಲಾಗಿ ನಿಂತರು. ಮಗುವನ್ನು ಮೊದಲ ಸಲ ಶಾಲೆಗೆ ಬಿಡಲು ಬಂದ ತಾಯಂದಿರ ಹಾಗಿತ್ತು ಅವರ ಮುಖ. ಒಬ್ಬಳು ಸ್ಕ್ರೀನನ್ನು ತೋಳಿಗೆ ಒರೆಸಿ ಕೊಟ್ಟು, "ಬೋರಲು ಮಲಗಿಸ್ಬೇಡಿ ಮೇಡಂ, ಗಾಜಿಗೆ ಗೀರು ಬೀಳುತ್ತೆ" ಎಂದಳು. ಕೊನೆಯವನು ಒಬ್ಬ ಸಣಕಲ ಹುಡುಗ, ಕಣ್ಣಿನ ಕೆಳಗೆ ಇದ್ದಿಲು ಬಳಿದಂಥ ಕಪ್ಪು. ಫೋನನ್ನು ಕೊಡುವಾಗ ನನ್ನ ಕೈಗಿಟ್ಟು, ಮತ್ತೆ ಎಳೆದುಕೊಂಡು ಏನೋ ನೋಡಿ, ಮತ್ತೆ ಇಟ್ಟ.

ಬೀರುವಿಗೆ ಕೀಲಿ ಹಾಕಿದೆ. ಎಲ್ಲರೂ ಪುಸ್ತಕ ತೆರೆದರು. ಸ್ವಲ್ಪ ಹೊತ್ತು ಹೆಬ್ಬೆರಳುಗಳು ಪುಟದ ಮೇಲೆ ಮೇಲಿಂದ ಕೆಳಕ್ಕೆ ಜಾರಿದವು. ಪುಟ ಸರಿಯಲಿಲ್ಲ. ಒಬ್ಬ ಗೋಡೆ ನೋಡಿದ, ಇನ್ನೊಬ್ಬಳು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮಾಡಲು ಏನೂ ಇಲ್ಲದಿರುವುದು ಎಂದರೇನೆಂದು ಅವರಿಗೆ ಬಹಳ ವರ್ಷಗಳ ಮೇಲೆ ಗೊತ್ತಾದಂತಿತ್ತು. ಮೊದಲು ಬಾಗಿದ್ದು ಸಣಕಲನ ತಲೆ. ಎಡಗೈ ಮೇಲೆ ಬಲಗೆನ್ನೆ ಇಟ್ಟ ಹುಡುಗ ಎರಡು ಸಲ ಕಣ್ಣು ಮಿಟುಕಿಸಿದ, ಮೂರನೆಯ ಸಲ ತೆರೆಯಲೇ ಇಲ್ಲ. ಅವನನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಆಚೆಯವಳು. ಆಕಳಿಕೆ ಒಬ್ಬರಿಂದೊಬ್ಬರಿಗೆ ಹಬ್ಬುತ್ತ ನನ್ನ ತನಕ ಬಂತು. ನಾನೊಬ್ಬಳೇ ಸಂಬಳಕ್ಕೆ ಹೆದರಿ ಕಣ್ಣು ತೆರೆದುಕೊಂಡು ಕೂತಿದ್ದೆ.

ಗೋಡೆಯ ಇಂಟರ್‌ಕಾಮ್ ಮೆಲ್ಲಗೆ ಗುನುಗಿತು. ಎತ್ತಿಕೊಂಡೆ.

"ನೋಡ್ತಿದೀಯೇನಮ್ಮಾ?" ಪ್ರೊಫೆಸರು ಪಿಸುಗುಟ್ಟಿದರು. "ಎಲ್ಲಾ ಹಸಿರು! ಒಂದೂ ಕೆಂಪಿಲ್ಲ!"

"ಸರ್, ಅದು—"

"ಶ್! ಮಾತಾಡ್ಬೇಡ. ಏಕಾಗ್ರತೆ ಕೆಡುತ್ತೆ." ಇಟ್ಟುಬಿಟ್ಟರು.

ಪಕ್ಕದ ಕೋಣೆಯಲ್ಲಿ ಕೆಂಪೋ ಕೆಂಪು. ಅಲ್ಲಿ ಕಾವಲಿಗೆ ಯಾರೂ ಇರಲಿಲ್ಲ. ನೀರು ಕುಡಿಯಲು ಹೋಗುವಾಗ ಬಾಗಿಲ ಗಾಜಿನಿಂದ ಇಣುಕಿ ನೋಡಿದೆ. ಅವರು ಪುಟಗಳನ್ನು ಓದುವ ಬದಲು ಫೋಟೋ ತೆಗೆದುಕೊಳ್ಳುತ್ತಿದ್ದರು. ತೆಗೆದ ಮೇಲೆ, ಇನ್ನು ಯಾವಾಗ ಬೇಕಾದರೂ ಓದಬಹುದು ಎಂಬ ನೆಮ್ಮದಿ ಮುಖದ ಮೇಲೆ ಮೂಡುತ್ತಿತ್ತು. ಅಧ್ಯಾಯ ಮುಗಿಸಿದ ತೃಪ್ತಿಯಲ್ಲಿ ಏನನ್ನೋ ನೋಡಿ ನಕ್ಕು, ಪಕ್ಕದವರಿಗೆ ಮೊಣಕೈಯಿಂದ ತಿವಿದು ತೋರಿಸುತ್ತಿದ್ದರು. ನಮ್ಮ ಕೋಣೆಯವರು ಓದುತ್ತಿರಲಿಲ್ಲ, ಅವರೂ ಓದುತ್ತಿರಲಿಲ್ಲ. ನಮ್ಮವರು ಸದ್ದಿಲ್ಲದೆ ಓದುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮರುದಿನ ಧೈರ್ಯ ಮಾಡಿ, ನನಗೆ ಗೊತ್ತಿರುವ ಒಂದೇ ಉಪಾಯ ಬಳಸಿದೆ. ಕೀಲಿಗೊಂಚಲನ್ನು ನೆಲದ ಮೇಲೆ ಬೀಳಿಸಿ ಕಿಟಕಿಯ ಕಡೆ ನೋಡಿದೆ. ಒಂದಿಬ್ಬರು ಬೆಚ್ಚಿ ತಲೆ ಎತ್ತಿ, ಬಾಯಿ ಒರೆಸಿಕೊಂಡು, ಇನ್ನೊಂದು ಕೆನ್ನೆಯ ಮೇಲೆ ಮಲಗಿದರು. ಇಂಟರ್‌ಕಾಮ್ ಕೂಡಲೇ ಗುನುಗಿತು.

"ಏನು ಸದ್ದು ಮಾಡ್ದೆ? ಎರಡು ಚುಕ್ಕೆ ಕೆಂಪಾಯ್ತು! ಅಷ್ಟು ಆಳವಾಗಿ ಮುಳುಗಿರೋರನ್ನ ಮೇಲೆಳೆಯೋದು ಎಂಥ ಪಾಪ ಗೊತ್ತಾ?"

"ಕೀಲಿ ಬಿತ್ತು ಸರ್."

"ಕೈಗೆ ಕಟ್ಕೋ!"

ಕಟ್ಟಿಕೊಂಡೆ.

ಆ ಸಂಜೆ ಅವರ ಕೋಣೆಗೇ ಹೋಗಿ ಹೇಳಿಬಿಡೋಣ ಎಂದುಕೊಂಡೆ. ಮೆಟ್ಟಿಲಿಳಿಯುತ್ತ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡೆ. ಒಳಗೆ ಹೋದರೆ ಅವರು ಬೆಳಗಿನ ದಾಖಲೆಯನ್ನು ಮತ್ತೆ ಹಾಕಿಕೊಂಡು, ಪರದೆಯ ಮುಂದೆ ಗಲ್ಲಕ್ಕೆ ಕೈಕೊಟ್ಟು, ಮೊಮ್ಮಗುವನ್ನು ನೋಡುವಂತೆ ಒಂದು ಹಸಿರು ಚುಕ್ಕೆಯನ್ನೇ ನೋಡುತ್ತಿದ್ದರು.

"ಇದನ್ನ ನೋಡು. ಕಿಟಕಿ ಪಕ್ಕದ್ದು. ಬೆಳಿಗ್ಗೆ ಪೂರ್ತಿ ಕದಲೇ ಇಲ್ಲ. ನೀನು ಕೀಲಿ ಬೀಳಿಸಿದಾಗ್ಲೂ ಕದಲಿಲ್ಲ. ನಾನು ಇವನಿಗೆ ಧ್ರುವ ಅಂತ ಹೆಸರಿಟ್ಟಿದೀನಿ. ಅಂಥ ತಪಸ್ಸು!"

ಅದು ಸಣಕಲ ಹುಡುಗನ ಚುಕ್ಕೆ.

"ಸರ್, ಕೋಣೇಲಿ ಒಂಥರಾ ಸದ್ದು ಬರುತ್ತೆ" ಎಂದೆ. ಇನ್ನೂ ನೇರವಾಗಿ ಹೇಳಲು ಬಾಯಿ ಬರಲಿಲ್ಲ.

"ಎಂಥ ಸದ್ದು?"

"ಉಸಿರಾಟದ್ದು ಸರ್. ಸ್ವಲ್ಪ... ಜೋರಾಗಿ."

ಅವರು ಕುರ್ಚಿಯಿಂದ ಅರ್ಧ ಎದ್ದರು. "ದೀರ್ಘ ಉಸಿರಾಟ! ಮನಸ್ಸು ಆಳಕ್ಕೆ ಇಳಿದ ಹಾಗೆ ಉಸಿರೂ ಆಳಕ್ಕೆ ಇಳಿಯುತ್ತೆ. ಇದು ನನಗೆ ಹೊಳೆದೇ ಇರ್ಲಿಲ್ಲ ನೋಡು. ನೀನು ಮಾತು ಕಮ್ಮಿ ಆಡ್ತೀಯ, ಆದ್ರೆ ಚೆನ್ನಾಗಿ ಗಮನಿಸ್ತೀಯ. ವರದೀಲಿ ಇದನ್ನೂ ಸೇರಿಸೋಣ."

ಹಾಗೆ ಗೊರಕೆ ನಮ್ಮ ವರದಿಯ ಒಂದು ಪ್ಯಾರಾ ಆಯಿತು.

ಇನ್ನು ಬೀರುವಿನ ಕಷ್ಟ. ಫೋನುಗಳ ಸದ್ದಡಗಿಸಿದ್ದರೂ ಅವು ಒಳಗೆ ಗುರ್ರೆಂದು ನಡುಗುತ್ತಿದ್ದವು. ಬೀರುವಿನ ತುಂಬ ದುಂಬಿ ತುಂಬಿದಂತಿತ್ತು. ಒಂದೇ ನಂಬರಿನಿಂದ ಮೇಲಿಂದ ಮೇಲೆ ಕರೆ ಬಂದರೆ, ಮನೆಯಲ್ಲಿ ಏನಾದರೂ ಆಗಿದ್ದೀತೆಂದು ನಾನೇ ಎತ್ತಿ ಉತ್ತರಿಸಬೇಕೆಂದು ನಿಯಮ. ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡುವುದಕ್ಕಿಂತ ನನಗೆ ಹಲ್ಲು ಕೀಳಿಸಿಕೊಳ್ಳುವುದು ವಾಸಿ. ಆದರೂ ಧ್ರುವನ ಫೋನ್ ಒಂದು ಬೆಳಿಗ್ಗೆ ಬಿಡದೆ ನಡುಗಿತು. 'ಅಮ್ಮ' ಎಂದಿತ್ತು. ಬಾಗಿಲ ಹೊರಗೆ ಹೋಗಿ ಎತ್ತಿದೆ.

"ಯಾರಮ್ಮಾ ನೀನು? ನನ್ನ ಮಗನ ಫೋನು ನಿನ್ನ ಕೈಲಿ ಯಾಕಿದೆ?"

"ನಾನು... ವಿಶ್ವವಿದ್ಯಾಲಯದಿಂದ ಅಮ್ಮಾ. ಇಲ್ಲಿ ಫೋನ್ ತೆಗೆದಿಟ್ಟು ಓದಿಸ್ತಿದೀವಿ."

"ಯಾರನ್ನ?"

"ನಿಮ್ಮ ಮಗನನ್ನ."

"ನನ್ನ ಮಗ ಓದ್ತಿದಾನಾ?" ಎಂದರು. "ತಾಯಿ, ಎಲ್ಲೋ ನಂಬರ್ ತಪ್ಪಿರಬೇಕು. ಇಡ್ತೀನಿ."

ಇಟ್ಟು, ಮತ್ತೆ ಮಾಡಿದರು.

"ನಂಬರ್ ಸರಿಯಾಗೇ ಇದೆ. ಹಾಗಾದ್ರೆ ನಿಜವಾಗ್ಲೂ ಓದ್ತಿದಾನಾ?"

ಬಾಗಿಲ ಗಾಜಿನಿಂದ ನೋಡಿದೆ. ಧ್ರುವನ ಬಾಯಿಂದ ಇಳಿದ ಜೊಲ್ಲು ಅಧ್ಯಾಯದ ಶೀರ್ಷಿಕೆಯನ್ನು ದಾಟಿ ಮೊದಲ ಪ್ಯಾರಾ ತಲುಪಿತ್ತು.

"ಪುಸ್ತಕದ ಮೇಲೇ ಇದ್ದಾರೆ ಅಮ್ಮಾ" ಎಂದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ.

"ಅಯ್ಯೋ ನನ್ನ ಕಂದ," ಎಂದರು ಆಕೆ. "ಮನೇಲಿ ಬೆಳಗಿನ ಜಾವ ಎದ್ದು ನೋಡಿದ್ರೂ ಹೊದಿಕೆ ಒಳಗೆ ನೀಲಿ ಬೆಳಕು ಕಣಮ್ಮಾ. ಕೇಳಿದ್ರೆ ಪಾಠ ನೋಡ್ತಿದೀನಿ ಅಂತಾನೆ. ಕಣ್ಣು ನೋಡಿದೀಯಾ ಅವಂದು? ಹೊತ್ತಿಗೆ ಸರಿಯಾಗಿ ಮಲಗು ಅಂದ್ರೆ ಕೇಳಲ್ಲ. ನೀನಾದ್ರೂ ಹೇಳು, ಸ್ವಲ್ಪ ನಿದ್ದೆ ಮಾಡು ಅಂತ."

"ಮಾಡ್ತಾರೆ ಅಮ್ಮಾ" ಎಂದೆ.

ಆ ದಿನ ಫೋನ್ ವಾಪಸು ತೆಗೆದುಕೊಳ್ಳುವಾಗ ಧ್ರುವ ಎಲ್ಲರೂ ಹೋಗುವ ತನಕ ಬೀರುವಿನ ಬಳಿಯೇ ಸುಳಿದಾಡಿದ. ಕೆನ್ನೆಯ ಮೇಲೆ ಪುಸ್ತಕದ ಅಂಚು ಮೂಡಿತ್ತು.

"ಅಕ್ಕಾ, ನಾಳೇನೂ ಇದೆಯಲ್ಲ ಇದು?"

"ಇದೆ."

"ಒಂದು ಸಣ್ಣ ದಿಂಬು ತರಬಹುದಾ?"

ನಾನು ನಕ್ಕುಬಿಟ್ಟೆ. ಅವನಿಗೂ ಧೈರ್ಯ ಬಂತು.

"ಕೈಲಿ ಫೋನಿದ್ರೆ ನಿದ್ದೆ ಬರಲ್ಲ ಅಕ್ಕಾ. ಪಾಠಾನೇ ನೋಡೋದು, ಸುಳ್ಳಲ್ಲ. ಎರಡು ಪಟ್ಟು ವೇಗದಲ್ಲಿ ಹಾಕ್ಕೋತೀನಿ. ಮೇಷ್ಟ್ರು ಎರಡು ಪಟ್ಟು ವೇಗದಲ್ಲಿ ಹೇಳ್ತಾರೆ, ನಾನು ಕಾಲು ಪಟ್ಟು ವೇಗದಲ್ಲಿ ತಿಳ್ಕೋತೀನಿ. ಹಾಗಾಗಿ ಒಂದೇ ಪಾಠ ಎಂಟು ಸಲ ನೋಡ್ಬೇಕಾಗುತ್ತೆ. ನಡುನಡುವೆ ಬೇರೇನೋ ಬರುತ್ತೆ, ಅದನ್ನೂ ನೋಡ್ಬೇಕಾಗುತ್ತೆ. ಅಷ್ಟೊತ್ತಿಗೆ ಬೆಳಗಾಗುತ್ತೆ."

"ಇಲ್ಲಿ?"

"ಇಲ್ಲಿ ನೀವು ಬೀರುವಿಗೆ ಕೀಲಿ ತಿರುಗಿಸಿದ ಸದ್ದು ಕೇಳಿದ್ರೆ ಸಾಕು, ಅಮ್ಮ ಲಾಲಿ ಹಾಡಿದ ಹಾಗಾಗುತ್ತೆ." ಆಮೇಲೆ ಧ್ವನಿ ತಗ್ಗಿಸಿದ. "ಇನ್ನೊಂದು ವಿಷ್ಯ. ಇವತ್ತು ಕೊನೇಲಿ ಎಚ್ಚರ ಆಯ್ತಾ? ಮಾಡೋಕೆ ಏನೂ ಇರ್ಲಿಲ್ಲ, ಎರಡು ಪುಟ ಓದ್ದೆ. ಅರ್ಥ ಆಗ್ಬಿಡ್ತು ಅಕ್ಕಾ. ಒಂದೇ ಸಲಕ್ಕೆ. ನಂಗೆ ಹೆದರಿಕೆ ಆಯ್ತು."

ಅವನೊಬ್ಬನೇ ಅಲ್ಲ. ದಿನ ಕಳೆದಂತೆ ನಾನೂ ನೋಡುತ್ತಿದ್ದೆ. ಎಲ್ಲರೂ ಬಂದ ಕೂಡಲೇ ಮಲಗುತ್ತಿದ್ದರು, ಮುಗಿಯುವ ಹೊತ್ತಿಗೆ ಒಬ್ಬೊಬ್ಬರಾಗಿ ಎದ್ದು, ಮಿಂದು ಬಂದವರಂಥ ಮುಖದಲ್ಲಿ ಸ್ವಲ್ಪ ಓದುತ್ತಿದ್ದರು. ಓದುವಾಗ ತಲೆ ಎತ್ತಿ ಯೋಚಿಸುತ್ತಿದ್ದರು, ಪಕ್ಕದವರನ್ನು ಏನೋ ಕೇಳುತ್ತಿದ್ದರು. ಆಗ ಮಾತ್ರ ಚುಕ್ಕೆಗಳು ಕೆಂಪಾಗುತ್ತಿದ್ದವು. ಪ್ರೊಫೆಸರು ಇಂಟರ್‌ಕಾಮಿನಲ್ಲಿ ನಿಟ್ಟುಸಿರುಬಿಟ್ಟು, "ದಣಿವಾಗಿರ್ಬೇಕು ಪಾಪ, ಇನ್ನು ಬಿಟ್ಬಿಡು" ಎನ್ನುತ್ತಿದ್ದರು.

ಪರೀಕ್ಷೆ ನಡೆಯಿತು. ಬೀರುವಿನ ಕೋಣೆಯವರು ಫೋನಿನ ಕೋಣೆಯವರನ್ನು ಎಲ್ಲೋ ಹಿಂದೆ ಹಾಕಿದ್ದರು. ಆ ವಿಷಯದಲ್ಲಿ ಯಾವತ್ತೂ ಪಾಸಾಗದಿದ್ದ ಧ್ರುವ ಆರಾಮವಾಗಿ ಪಾಸಾಗಿದ್ದ.

ಪ್ರೊಫೆಸರಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಸಮಿತಿಗೆ ಕೊಡುವ ಶಿಫಾರಸನ್ನು ನನ್ನ ಮುಂದೆ ಗಟ್ಟಿಯಾಗಿ ಓದಿದರು. ಪ್ರತಿ ತರಗತಿಗೂ ಒಂದು ಬೀರು, ಒಂದು ಕ್ಯಾಮೆರಾ. ಪಾಠ ನಡೆಯುವಾಗ ಯಾರ ಚುಕ್ಕೆ ಹಸಿರಾಗಿರುತ್ತದೋ ಅವರಿಗೆ ಮಾತ್ರ ಹಾಜರಾತಿ. ಯೋಜನೆಯ ಉಸ್ತುವಾರಿಗೆ ಎರಡು ವರ್ಷದ ಮಟ್ಟಿಗೆ ಒಬ್ಬ ಸಹಾಯಕಿ.

"ಸಹಾಯಕಿ ಅಂದ್ರೆ ಯಾರು ಗೊತ್ತಲ್ಲ?" ಎಂದು ನಕ್ಕರು.

ಗೊತ್ತಿತ್ತು. ಮನೆಗೆ ಬಂದು ಹೇಳಿದಾಗ ಅತ್ತೆ ನನಗೆ ದೃಷ್ಟಿ ತೆಗೆಯುವಂತೆ ಕೆನ್ನೆ ಸವರಿದರು. ಮಾವ ಕೌಂಟರಿಗೆ ಜನ ಬೇಕೆಂದು ಬೋರ್ಡ್ ಬರೆಯಲು ಕೂತರು. ನಾನು ಮೇಲೆ ಹೋಗಿ ಡೈರಿ ತೆರೆದೆ. ತಾರೀಖು ಬರೆದು ಮುಚ್ಚಿಟ್ಟೆ.

ಸುದ್ದಿ ಕೇಳಿದ ಧ್ರುವ ಮರುದಿನ ನನ್ನನ್ನು ಮೆಟ್ಟಿಲ ಬಳಿ ಹಿಡಿದ.

"ಅಕ್ಕಾ, ಕ್ಲಾಸಲ್ಲಿ ತಲೆ ಎತ್ತಿ ಪಾಠ ಕೇಳಿದ್ರೆ ಗೈರುಹಾಜರಿ, ತಲೆ ಬಗ್ಗಿಸಿ ಮಲಗಿದ್ರೆ ಹಾಜರಿ ಅಂತೆ. ಹೌದಾ?"

"ಹಾಗೇ ಆಗುತ್ತೆ ಅನ್ಸುತ್ತೆ."

"ನಂಗೇನೂ ನಷ್ಟ ಇಲ್ಲ. ಆದ್ರೆ ನಮ್ಮ ಕ್ಲಾಸಲ್ಲಿ ಪಾಪ ಇಬ್ಬರು ಓದೋರಿದಾರೆ." ಹತ್ತಿರ ಸರಿದು, "ನನ್ನನ್ನ ಸಮಿತಿ ಮುಂದೆ ಕರೆದಿದಾರೆ. ಏಕಾಗ್ರತೆ ಬಗ್ಗೆ ಎರಡು ಮಾತಾಡ್ಬೇಕಂತೆ. ನಂಗೆ ನೆನಪಿರೋದು ಕೀಲಿ ಸದ್ದು ಮಾತ್ರ. ಏನಂತ ಹೇಳ್ಲಿ?"

"ನೀನೇ ನಿಜ ಹೇಳ್ಬಿಡು" ಎಂದೆ, ಬೇರೆಯವರಿಗೆ ಧೈರ್ಯ ಹೇಳುವುದು ಎಷ್ಟು ಸುಲಭ ಎಂದು ಆಶ್ಚರ್ಯಪಡುತ್ತ.

"ನಾನು ಹೇಳಿದ್ರೆ ಯಾರು ನಂಬ್ತಾರೆ ಅಕ್ಕಾ? ವಿನಯ ಅಂದ್ಕೋತಾರೆ."

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಒಬ್ಬೊಬ್ಬರ ಮುಂದೂ ನೀರಿನ ಬಾಟಲಿ, ನಮ್ಮ ವರದಿ. ಮೇಜಿನ ತಲೆಯಲ್ಲಿ ಕುಲಪತಿಗಳು, ಅವರ ಬಲಕ್ಕೆ ಕುಲಸಚಿವರು. ಹಣಕಾಸಿನ ಕಡತಕ್ಕೆ ಸಹಿ ಹಾಕಬೇಕಾದವರು ಅವರೇ. ಉಳಿದ ಸದಸ್ಯರು ಎರಡೂ ಬದಿಗೆ. ಧ್ರುವ ಹಿಂದಿನ ಕುರ್ಚಿಯಲ್ಲಿ ಮುದುಡಿದ್ದ. ನಾನು ಒಂದು ಪಕ್ಕ ಲ್ಯಾಪ್‌ಟಾಪಿನ ಹಿಂದೆ ನಿಂತಿದ್ದೆ. ಅಡಗಿಕೊಳ್ಳಲು ಅದಕ್ಕಿಂತ ದೊಡ್ಡದೇನೂ ಅಲ್ಲಿರಲಿಲ್ಲ.

"ಬರೀ ಮಾತು ಬೇಡ," ಪ್ರೊಫೆಸರು ಉತ್ಸಾಹದಲ್ಲಿ ಕೈ ಉಜ್ಜಿಕೊಂಡರು, "ಇಲ್ಲೇ ತೋರಿಸ್ತೀನಿ. ಈ ಕೋಣೆಗೂ ಒಂದು ಕ್ಯಾಮೆರಾ ಇಟ್ಟಿದೀನಿ."

ಗೋಡೆಯ ಪರದೆಯ ಮೇಲೆ ಸಮಿತಿ ಚುಕ್ಕೆಗಳಾಗಿ ಮೂಡಿತು. ಎಲ್ಲರೂ ತಮ್ಮ ಚುಕ್ಕೆ ಹುಡುಕಲು ತಲೆ ಎತ್ತಿದ್ದರಿಂದ ಎಲ್ಲವೂ ಕೆಂಪು.

"ನಂದು ಯಾಕೆ ಕೆಂಪು?" ಕುಲಪತಿಗಳು ಕೇಳಿದರು.

"ತಾವು ಪರದೆ ನೋಡ್ತಿದೀರಿ ಸರ್. ವರದಿ ನೋಡಿದ್ರೆ ಹಸಿರಾಗುತ್ತೆ."

ಅವರು ತಲೆ ಬಗ್ಗಿಸಿದರು. ಚುಕ್ಕೆ ಹಸಿರಾಯಿತು. ಎಡಪಕ್ಕದವರು ಮೆಚ್ಚಿ ತಲೆದೂಗಿ ತಮ್ಮದನ್ನು ಇನ್ನಷ್ಟು ಕೆಂಪು ಮಾಡಿಕೊಂಡರು. ಅದನ್ನು ನೋಡಿ ಅವರೂ ಬಗ್ಗಿದರು. ಕುಲಪತಿಗಳ ಚುಕ್ಕೆ ಹಸಿರಾಗಿರುವಾಗ ತನ್ನದು ಕೆಂಪಾಗಿರುವುದು ಯಾರಿಗೆ ತಾನೇ ಇಷ್ಟ? ಸ್ವಲ್ಪ ಹೊತ್ತಿನಲ್ಲಿ ಇಡೀ ಸಮಿತಿ ಶಿಕ್ಷೆಗೆ ಕೂರಿಸಿದ ಮಕ್ಕಳಂತೆ ತಲೆ ತಗ್ಗಿಸಿ ಕೂತಿತು. ಬಾಟಲಿಗೆ ಚಾಚಿದ ಒಂದು ಕೈ ಅರ್ಧದಲ್ಲೇ ಹಿಂದೆ ಸರಿಯಿತು. ಪ್ರೊಫೆಸರು ಒಂದು ಸಾಲು ಬೋಳುತಲೆಗಳಿಗೆ ನಮ್ಮ ಸಂಶೋಧನೆಯನ್ನು ವಿವರಿಸಿದರು. ದೀರ್ಘ ಉಸಿರಾಟದ ಪ್ಯಾರಾ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ನನ್ನ ನೋಟ ಕುಲಸಚಿವರ ಮೇಲೆ ಬಿತ್ತು. ನಾನು ನಿಂತ ಜಾಗದಿಂದ ಅವರ ಮುಖ ಓರೆಯಾಗಿ ಕಾಣುತ್ತಿತ್ತು. ಕೈಯಲ್ಲಿ ಪೆನ್ನು, ವರದಿಯ ಮೇಲೆ ಗಲ್ಲ. ರೆಪ್ಪೆಗಳು ಬೀಗ ಹಾಕಿದಂತೆ ಮುಚ್ಚಿದ್ದವು. ತುಟಿಯ ಮೇಲಿನ ಮೀಸೆ ಉಸಿರಿಗೆ ತಕ್ಕಂತೆ ಏಳುತ್ತ ಬೀಳುತ್ತ ಇತ್ತು.

"ಇದನ್ನ ಗಮನಿಸಿ," ಪ್ರೊಫೆಸರು ಪರದೆಯತ್ತ ಕೋಲು ತೋರಿಸಿದರು. "ಕುಲಪತಿಗಳ ಬಲಕ್ಕಿರೋ ಚುಕ್ಕೆ. ನಾನು ಮಾತು ಶುರುಮಾಡಿದಾಗಿನಿಂದ ಒಂದು ಕ್ಷಣವೂ ಕೆಂಪಾಗಿಲ್ಲ!"

"ಯಾರದು? ನಮ್ಮ ಕುಲಸಚಿವರದ್ದಾ?" ಕುಲಪತಿಗಳು ತಲೆ ಎತ್ತದೆಯೇ ಕೇಳಿದರು. "ನೋಡಿ ಕಲೀರಿ ಎಲ್ಲರೂ. ಆಡಳಿತ ಅಂದ್ರೆ ಹಾಗಿರ್ಬೇಕು."

ಎಲ್ಲರೂ ತಲೆ ಬಗ್ಗಿಸಿಕೊಂಡೇ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಕುಲಸಚಿವರು ಬೆಚ್ಚಿ ಎದ್ದು, ಅತ್ತಿತ್ತ ನೋಡಿ, ಸಭೆ ಮುಗಿದಿದೆ ಎಂದುಕೊಂಡು, ತಾವೂ ಎರಡು ಚಪ್ಪಾಳೆ ತಟ್ಟಿದರು.

"ನನ್ನ ಒಪ್ಪಿಗೆ ಇದೆ" ಎಂದರು. "ಎಲ್ಲಿ ಸಹಿ ಮಾಡ್ಲಿ?"

"ಇಲ್ಲಿ" ಎಂದು ಪ್ರೊಫೆಸರು ಓಡಿಹೋಗಿ ಪುಟ ತೋರಿಸಿದರು. ಹಿಂದಿನ ಕುರ್ಚಿಯಿಂದ ಧ್ರುವ ನನ್ನನ್ನೇ ನೋಡುತ್ತಿದ್ದ. ಅವನ ಚುಕ್ಕೆ ಕೆಂಪಗೆ ಚಡಪಡಿಸುತ್ತಿತ್ತು. ಇಡೀ ಕೋಣೆಯಲ್ಲಿ ಪೂರ್ತಿ ಎಚ್ಚರವಾಗಿದ್ದದ್ದು ಅದೊಂದೇ.

"ಒಂದು ನಿಮಿಷ," ಕುಲಪತಿಗಳು ಕತ್ತು ಸವರಿಕೊಳ್ಳುತ್ತ ನೆಟ್ಟಗೆ ಕೂತರು. "ದಿನಾ ಆ ಕೋಣೇಲಿ ಕೂತಿದ್ದೋಳು ಈ ಹುಡುಗಿ ಅಲ್ವಾ? ಏನಮ್ಮಾ, ಯಂತ್ರ ಹೇಳಿದ್ದು ಕೇಳಿದ್ವಿ. ನೀನು ಕಣ್ಣಾರೆ ನೋಡಿದೋಳು. ಮಕ್ಕಳು ಹೇಗೆ ಓದ್ತಿದ್ರು?"

"ಅವಳು ಮಾತಾಡೋದು ಕಮ್ಮಿ ಸರ್" ಎಂದರು ಪ್ರೊಫೆಸರು, ವಾತ್ಸಲ್ಯದಿಂದಲೇ. "ತಲೆ ಆಡಿಸ್ತಾಳೆ, ಸಾಕು. ಚೆನ್ನಾಗಿ ಓದ್ತಿದ್ರು ಅಲ್ವೇನಮ್ಮಾ?"

ತಲೆ ಆಡಿಸಿದರೆ ಸಾಕಿತ್ತು. ಎರಡು ವರ್ಷ ಮಾತಾಡದೆ ಮೂಲೆಯಲ್ಲಿ ಕೂರುವ ಕೆಲಸ, ನನಗೆಂದೇ ಹೊಲಿದ ಅಂಗಿಯಂಥದ್ದು. ಇಲ್ಲವಾದರೆ ಅಂಗಡಿ, ಗಾಜಿನ ಕೌಂಟರು, ಬೆಳಗಿನಿಂದ ಸಂಜೆಯ ತನಕ ಒಂದಿಲ್ಲೊಂದು ಗಿರಾಕಿಯ ಜೊತೆ ಜಗಳ. ಕುಲಸಚಿವರ ಪೆನ್ನಿನ ಮೊನೆ ಕಾಗದದ ಮೇಲೆ ಇಳಿಯುತ್ತಿತ್ತು. ಇದಾದ ಮೇಲೆ ಪ್ರತಿ ತರಗತಿಯಲ್ಲೂ ತಲೆ ಎತ್ತಿ ಕೂರುವ ಆ ಇಬ್ಬರು ಹೊರಗೆ, ಉಳಿದವರೆಲ್ಲ ಒಳಗೆ ಮೇಜಿಗೆ ಕೆನ್ನೆ ಕೊಟ್ಟು. ಮೇಜಿನ ಆಚೆ ಎಲ್ಲ ಮುಖಗಳೂ ಈಗ ನನ್ನ ಕಡೆಗಿದ್ದವು, ಪರದೆಯ ಮೇಲೆ ಎಲ್ಲ ಚುಕ್ಕೆಗಳೂ ಕೆಂಪು. ಇಷ್ಟೊಂದು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಹಿಂದೆಂದೂ ಇಲ್ಲ. ಲ್ಯಾಪ್‌ಟಾಪಿನ ಮುಚ್ಚಳವನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಓದ್ತಿರ್ಲಿಲ್ಲ ಸರ್" ಎಂದೆ. ಧ್ವನಿ ನನ್ನದೇ ಎಂದು ನಂಬಲಾಗದಷ್ಟು ಜೋರಾಗಿ ಬಂತು. "ಮಲಗಿದ್ರು. ದಿನಾ, ಎಲ್ಲರೂ, ಗೊರಕೆ ಹೊಡ್ಕೊಂಡು ಮಲಗಿದ್ರು. ಎದ್ದ ಮೇಲೆ ಸ್ವಲ್ಪ ಓದಿದ್ರು, ಅದು ತಲೆಗೆ ಹತ್ತಿತು. ಫೋನಿಂದ ಹಾಳಾಗಿದ್ದದ್ದು ಅವರ ಏಕಾಗ್ರತೆ ಅಲ್ಲ ಸರ್, ನಿದ್ದೆ."